ಎಲ್‌ಐಜಿ ಮನೆಯ ಮಕ್ಕಳು

ನಸುಕಿನಲ್ಲಿ ಕೂಕಟ್‌ಪಲ್ಲಿ ಹೌಸಿಂಗ್ ಬೋರ್ಡ್ ಕಾಲೊನಿಯ ಓಣಿಗಳಲ್ಲಿ ಮೊದಲು ಎಚ್ಚರಗೊಳ್ಳುವುದು ನೀರಿನ ಮೋಟರುಗಳು. ಒಂದು ಮನೆಯ ಸಂಪಿನಿಂದ ಗುಂಯ್ ಎಂದು ದನಿ ಎದ್ದರೆ ಪಕ್ಕದ ಮನೆಯದು ಅದಕ್ಕೆ ಶ್ರುತಿ ಸೇರಿಸುತ್ತದೆ, ಎದುರು ಮನೆಯದು ಕೆಮ್ಮಿ ಕೆಮ್ಮಿ ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ಮಾಳಿಗೆಗಳ ಮೇಲಿನ ಕಪ್ಪು ಟ್ಯಾಂಕುಗಳಲ್ಲಿ ನೀರು ಬೀಳುವ ಸದ್ದು ಓಣಿಯುದ್ದಕ್ಕೂ ಹರಡಿಕೊಳ್ಳುತ್ತದೆ. ಗೇಟಿಗೆ ಸಿಕ್ಕಿಸಿದ ಚೀಲಗಳಲ್ಲಿ ಹಾಲಿನ ಪ್ಯಾಕೆಟ್ಟುಗಳು ಆಗಲೇ ಬಂದು ಕೂತಿವೆ. ಅಂಗಳ ಎನ್ನುವಷ್ಟು ಜಾಗವಿಲ್ಲದ ಕಡೆಯೂ ಹೆಂಗಸರು ರಸ್ತೆಯ ಅಂಚನ್ನೇ ತೊಳೆದು ಮುಗ್ಗು ಹಾಕುತ್ತಿದ್ದಾರೆ. ಮೂಲೆಯ ಟಿಫಿನ್ ಬಂಡಿಯವನು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದನೆಂದರೆ ಹಬೆಯ ಹಿಂದೆಯೇ ಅಲ್ಲಂ ಚಟ್ನಿಯ ಘಾಟು ಬರುತ್ತದೆ. ಹಾಸ್ಟೆಲುಗಳಿಂದ ಹುಡುಗರು ಕಣ್ಣುಜ್ಜಿಕೊಳ್ಳುತ್ತ ಇಳಿದು ಬಂದು, ಕೈಯಲ್ಲಿ ಪ್ಲೇಟು ಹಿಡಿದು, ನಿಂತಲ್ಲೇ ತಿನ್ನಲು ತೊಡಗುತ್ತಾರೆ. ದೂರದಲ್ಲಿ ಮಿಯಾಪುರದಿಂದ ಹೊರಟ ಮೊದಲ ಮೆಟ್ರೊ ಕಂಬಗಳ ಮೇಲೆ ಸರಿದುಹೋಗುತ್ತದೆ.

ನಿಧಾನಕ್ಕೆ ನಡೆಯೋಣ ಬನ್ನಿ, ಗೇಟುಗಳ ಮೇಲಿನ ಫಲಕಗಳನ್ನು ಓದುತ್ತ. ಹೆಸರಿಗಿಂತ ಮುಂಚೆ ಇಂಗ್ಲಿಷಿನ ಮೂರಕ್ಷರ, ಅದರ ಮುಂದೆ ಒಂದು ಸಂಖ್ಯೆ. ಇಡಬ್ಲ್ಯೂಎಸ್, ಎಲ್‌ಐಜಿ, ಎಂಐಜಿ, ಎಚ್‌ಐಜಿ. ಎಂಬತ್ತರ ದಶಕದ ಆರಂಭದಲ್ಲಿ ಆಂಧ್ರಪ್ರದೇಶ ಹೌಸಿಂಗ್ ಬೋರ್ಡ್ ಇಲ್ಲಿನ ಕಲ್ಲುನೆಲವನ್ನು ಸಮ ಮಾಡಿ ಸಾಲು ಸಾಲಾಗಿ ಮನೆ ಕಟ್ಟಿಸಿದಾಗ, ಬರುವವರನ್ನು ವರಮಾನದ ಮೇಲೆ ವಿಂಗಡಿಸಿತು. ತೀರ ಬಡವರಿಗೆ ಒಂದು ಅಳತೆ, ಕಡಿಮೆ ವರಮಾನದವರಿಗೆ ಇನ್ನೊಂದು, ಮಧ್ಯಮದವರಿಗೆ ಮತ್ತೊಂದು. ಆ ವಿಂಗಡಣೆಯೇ ಮನೆಯ ನಂಬರಾಗಿ ಉಳಿದುಬಿಟ್ಟಿತು. ಈಗ ಆ ಮನೆಗಳಲ್ಲಿ ಎಷ್ಟೋ ಇಲ್ಲವೇ ಇಲ್ಲ. ಒಡೆದು, ಮೂರು ನಾಲ್ಕು ಮಹಡಿ ಏರಿಸಿ, ಕೆಳಗೆ ಹಲ್ಲಿನ ದವಾಖಾನೆ, ಬಂಗಾರ ಅಡವಿಟ್ಟುಕೊಳ್ಳುವ ಅಂಗಡಿ, ಮೇಲೆ ಹೆಣ್ಣುಮಕ್ಕಳ ಹಾಸ್ಟೆಲು, ಅದರ ಮೇಲೆ ಜಾವಾ ಕಲಿಸುವ ಕೋಚಿಂಗ್ ಸೆಂಟರು ಮಾಡಿಕೊಂಡಿದ್ದಾರೆ. ಆದರೆ ಅಂಗಡಿಯ ಬೋರ್ಡಿನ ಕೊನೆಯ ಸಾಲಿನಲ್ಲಿ ವಿಳಾಸ ಇನ್ನೂ ಅದೇ. ಗಾಜಿನ ಬಾಗಿಲು, ಒಳಗೆ ಏಸಿ, ಮುಂದೆ ನಿಂತ ದೊಡ್ಡ ಕಾರು, ತಲೆಯ ಮೇಲೆ ಕಡಿಮೆ ವರಮಾನದವನೆಂಬ ಸರ್ಕಾರಿ ಮುದ್ರೆ.

ನಾವು ಹೋಗುತ್ತಿರುವುದು ಅಂಥದ್ದೇ ಒಂದು ಮನೆಗೆ. ನನ್ನ ತಾಯಿಯ ಅಕ್ಕನ ಮನೆ, ನನಗೆ ದೊಡ್ಡವ್ವ. ಭಾಲ್ಕಿ ತಾಲ್ಲೂಕಿನವರು. ದೊಡ್ಡಪ್ಪ ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ದುಡಿದವರು. ಬೀದರಿನಿಂದ ಜಹೀರಾಬಾದ್ ಮೇಲೆ ಹೈದರಾಬಾದಿಗೆ ಬರುವ ಬಸ್ಸುಗಳೆಲ್ಲ ಊರೊಳಗೆ ಹೊಗುವ ಮುನ್ನ ಮಿಯಾಪುರ, ಕೂಕಟ್‌ಪಲ್ಲಿ ದಾಟಿಯೇ ಹೋಗಬೇಕು. ಹಾಗಾಗಿ ನಮ್ಮ ಕಡೆಯವರಿಗೆ ಹೈದರಾಬಾದೆಂದರೆ ಮೊದಲು ಸಿಗುವುದೇ ಇದು. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಬೀದರ್, ಕಲಬುರ್ಗಿ, ರಾಯಚೂರು ಮೈಸೂರು ರಾಜ್ಯದ ಪಾಲಿಗೆ ಬಂದಮೇಲೂ ಕೆಲಸ, ದವಾಖಾನೆ, ಮದುವೆಯ ಜವಳಿ ಎಂದರೆ ನಮ್ಮವರ ಕಾಲು ಈ ದಿಕ್ಕಿಗೇ ತಿರುಗುತ್ತಿತ್ತು. ಬಾಲಾನಗರ, ಸನತ್‌ನಗರದ ಕಾರ್ಖಾನೆಗಳು, ರಾಮಚಂದ್ರಾಪುರದ ಬಿಎಚ್‌ಇಎಲ್, ಇಲ್ಲೇ ಕೆರೆಯ ಪಕ್ಕದ ಐಡಿಎಲ್ ಒಂದೊಂದಾಗಿ ತಲೆಯೆತ್ತಿದಾಗ ಆ ಬಸ್ಸುಗಳಲ್ಲಿ ಟ್ರಂಕು ಹಿಡಿದು ಬಂದವರು ಕೆಲವರು, ಗಂಟು ಹೊತ್ತು ಬಂದವರು ಹಲವರು.

ದೊಡ್ಡವ್ವನ ಗೇಟು ಕಿರ್ರೆನ್ನುತ್ತದೆ. ಬಾಗಿಲ ಪಕ್ಕದ ಸೀಬೆಗಿಡ ಈಗ ಮರವಾಗಿ ಎರಡನೆಯ ಮಹಡಿಯ ಕಟಕಟೆಯನ್ನು ಮುಟ್ಟಿದೆ. "ಬರ್ರಿ, ಬರ್ರಿ, ನೀರು ಬಂದಾವ, ಒಂದೀಟು ಕೂಡ್ರಿ," ಎನ್ನುತ್ತ ಅವರು ಪೈಪು ಹಿಡಿದು ಸಂಪಿನ ಬಾಯಿಗೆ ಓಡುತ್ತಾರೆ. ಎಂಬತ್ತರ ಹತ್ತಿರದ ಜೀವ. ಮನೆ ತುಂಬ ಟ್ಯಾಂಕುಗಳಿದ್ದರೂ ನಳದ ನೀರು ಬಂದ ಹೊತ್ತಿಗೆ ಅವರಿಗೆ ಇನ್ನೂ ನಿಂತಲ್ಲಿ ನಿಲ್ಲಲಾಗುವುದಿಲ್ಲ.

ಈ ನೀರಿಗೂ ನಮಗೂ ಹಳೆಯ ನಂಟು. ಬೀಡ್ ಜಿಲ್ಲೆಯ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟುವ ಮಾಂಜ್ರಾ ಲಾತೂರಿನ ಸೀಮೆ ದಾಟಿ, ಬೀದರ್ ಜಿಲ್ಲೆಯಲ್ಲಿ ನಮ್ಮ ಹೊಲಗಳ ಬದಿಗೆ ಹರಿದು, ಸಂಗಾರೆಡ್ಡಿಯ ಕಡೆಗೆ ತಿರುಗುತ್ತದೆ. ಅಲ್ಲಿ ಸಿಂಗೂರು ಜಲಾಶಯ, ಅದರ ಕೆಳಗೆ ಮಾಂಜ್ರಾ ಬ್ಯಾರೇಜು. ಅಲ್ಲಿಂದ ಕೊಳವೆ ಹಿಡಿದು ಈ ನಗರದ ಪಡುವಣ ಭಾಗದ ನಳಗಳಿಗೆ ಬರುತ್ತದೆ. ಗೋದಾವರಿಯ ನೀರು ಸೇರಿಕೊಂಡಿದ್ದು ಬಹಳ ತಡವಾಗಿ, 2015ರ ಸುಮಾರಿಗೆ. ದೊಡ್ಡವ್ವ ಹುಡುಗಿಯಾಗಿದ್ದಾಗ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಹೊಳೆಗೆ ಇಳಿದು ತಂದ ನೀರೇ ಮದುವೆಯಾದ ಮೇಲೆ ಅಡುಗೆಮನೆಯ ತನಕ ತಾನಾಗಿ ಬಂದಿತು. 2016ರ ಬೇಸಿಗೆಯಲ್ಲಿ ಮಾಂಜ್ರಾ ಬತ್ತಿತು. ಏಪ್ರಿಲಿನಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ಸಾಗಿಸಿದರು. ಮೊದಲ ರೈಲು ಹತ್ತು ವ್ಯಾಗನ್ನುಗಳಲ್ಲಿ ಸುಮಾರು 5 ಲಕ್ಷ ಲೀಟರ್ ತಂದಾಗ ಊರಿಗೆ ಊರೇ ಸ್ಟೇಷನ್ನಿನತ್ತ ನೋಡುತ್ತಿತ್ತು. ಸಿಂಗೂರೂ ಒಣಗಿತ್ತು. ಅದೇ ಬೇಸಿಗೆಯಲ್ಲಿ ಕೂಕಟ್‌ಪಲ್ಲಿಯ ಎತ್ತರದ ಅಪಾರ್ಟ್‌ಮೆಂಟುಗಳ ಮುಂದೆ ಟ್ಯಾಂಕರುಗಳು ರಾತ್ರಿಯಿಡೀ ಸರತಿಯಲ್ಲಿ ನಿಂತವು. ಸೊಸೈಟಿಯವರು ದುಡ್ಡು ಕೊಟ್ಟರು, ಸಂಪು ತುಂಬಿತು, ಮೇಲಿನ ಮನೆಗಳಲ್ಲಿ ಮಲಗಿದ್ದ ಮಕ್ಕಳು ಬೆಳಗ್ಗೆ ಎದ್ದು ಶವರು ತಿರುಗಿಸಿದರು, ನೀರು ಬಂತು. ಒಂದು ಹೊಳೆ ಸತ್ತ ಸುದ್ದಿ ಅವರ ಬಚ್ಚಲುಮನೆಯವರೆಗೂ ತಲುಪಲಿಲ್ಲ. ಸಿರಿತನ ಎಂದರೆ ಬಂಗಾರ, ಬಂಗಲೆ ಎಂದು ನಾವು ಅಂದುಕೊಳ್ಳುತ್ತೇವೆ. ಅದರ ನಿಜವಾದ ಕೆಲಸ ಇದು ಎಂದು ನನಗೆ ಅನ್ನಿಸುತ್ತದೆ. ತೊಂದರೆಯನ್ನು ಅದು ಹೊಸ್ತಿಲ ಆಚೆಯೇ ತಡೆದು ನಿಲ್ಲಿಸುತ್ತದೆ, ಒಳಗೆ ಬೆಳೆಯುವ ಮಗುವಿಗೆ ತೊಂದರೆ ಬಂದಿತ್ತೆಂದೂ ಗೊತ್ತಾಗುವುದಿಲ್ಲ, ತಡೆದದ್ದು ಯಾವುದೆಂದೂ ಗೊತ್ತಾಗುವುದಿಲ್ಲ.

ದೊಡ್ಡವ್ವನ ಮಗಳು, ನನಗೆ ಅಕ್ಕ, ಐವತ್ತರ ಹತ್ತಿರ ಬಂದಿದ್ದಾಳೆ. ಇಲ್ಲಿಂದ ಒಂದು ಮೈಲಿ ದೂರದ ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಗಂಡ, ಮಗಳೊಂದಿಗೆ ಇದ್ದಾಳೆ. ಹೈಟೆಕ್ ಸಿಟಿಯಲ್ಲಿ ಕೆಲಸ. ರವಿವಾರ ತಾಯಿಯ ಮನೆಗೆ ಬಂದರೆ ಚಪ್ಪಲಿ ಬಿಟ್ಟ ಕೂಡಲೇ ಅಡುಗೆಮನೆಯ ಕಟ್ಟೆ ಹತ್ತಿ ಕೂಡುತ್ತಾಳೆ, ಹುಡುಗಿಯಾಗಿದ್ದಾಗ ಕೂಡುತ್ತಿದ್ದ ಹಾಗೆಯೇ. "ನಾವು ಭಾಳ ಕಷ್ಟದಾಗ ಬೆಳೆದ್ವಿ ನೋಡು," ಎಂದು ಶುರು ಮಾಡುತ್ತಾಳೆ. ಎರಡು ಕೋಣೆ, ಒಂದು ಅಡುಗೆಮನೆ, ಐದು ಜನ. ಒಂದೇ ಫ್ಯಾನು. ಬೂಟು ಕೊಂಡರೆ ಒಂದು ಸೈಜು ದೊಡ್ಡದು, ಮುಂದೆ ಹತ್ತಿ ತುರುಕಿ ಹಾಕಿಕೊಳ್ಳಬೇಕು. ಅಣ್ಣನ ಪುಸ್ತಕ ತಂಗಿಗೆ. ಸಿನಿಮಾ ವರ್ಷಕ್ಕೆರಡು. ತಿಂಗಳ ಕೊನೆಯ ವಾರ ಬರೀ ಬ್ಯಾಳಿ ಸಾರು. ದೊಡ್ಡಪ್ಪ ಸೈಕಲ್ಲಿನಲ್ಲೇ ಕಾರ್ಖಾನೆಗೆ ಹೋಗುತ್ತಿದ್ದರು. ಗೇಟಿನ ಮೇಲಿನ ಮೂರಕ್ಷರದ ಅರ್ಥವನ್ನು ಶಾಲೆಯಲ್ಲಿ ಯಾರೋ ಬಿಡಿಸಿ ಹೇಳಿದ ದಿನ ಅವಳು ಮನೆಗೆ ಬಂದು ಅತ್ತಿದ್ದಳಂತೆ.

ಅವಳು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅವಳ ಮಾತನ್ನು ದೊಡ್ಡವ್ವ ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ. ಕೈಯಲ್ಲಿ ಕೊತ್ತಂಬರಿ ಸೋಸುತ್ತಲೇ ನಡುವೆ ಬಾಯಿ ಹಾಕುತ್ತಾರೆ.

"ರಾಮಾಯಣ ಯಾರ ಮನ್ಯಾಗ ನೋಡ್ತಿದ್ರು ಮಂದಿ?"

"ನಮ್ಮ ಮನ್ಯಾಗೇ," ಅಂದಳು ಅಕ್ಕ.

"ಮತ್ತ?"

1987ರ ಆ ರವಿವಾರಗಳು ಅಕ್ಕನಿಗೆ ಚೆನ್ನಾಗಿ ನೆನಪಿವೆ. ಓಣಿಯವರು ಒಳಗೆ ಚಾಪೆಯ ಮೇಲೆ. ಕಿಟಕಿಯ ಹೊರಗೆ, ಸರಳುಗಳನ್ನು ಹಿಡಿದುಕೊಂಡು, ಮುಂದಿನ ಫೇಸಿನ ಮನೆಗಳನ್ನು ಕಟ್ಟುತ್ತಿದ್ದ ಕೂಲಿಗಳ ಮಕ್ಕಳು. ಪಾಲಮೂರಿನಿಂದ ಬಂದವರು, ಇಟ್ಟಿಗೆಯ ರಾಶಿಗೆ ಆತು ಗುಡಿಸಲು ಹಾಕಿಕೊಂಡಿದ್ದವರು. ಒಂದು ಸಾಲು ಮನೆ ಮುಗಿದು ಬಣ್ಣ ಬಳಿದರೆ ಗುಡಿಸಲು ಕಿತ್ತು ಮುಂದಿನ ಸಾಲಿನ ಕಡೆ ಹೋಗುತ್ತಿದ್ದರು. ಕೊನೆಯ ಸಾಲು ಮುಗಿದಾಗ ಎಲ್ಲಿಗೆ ಹೋದರೋ. ಅಕ್ಕನಿಗೆ ಅವರಲ್ಲಿ ಒಬ್ಬಳ ಹೆಸರೂ ಗೊತ್ತಿತ್ತು, ಈಗ ಮರೆತಿದೆ. ಆ ಹುಡುಗಿ ಸೀಬೆಕಾಯಿ ಬೇಡಿ ತಿನ್ನುತ್ತಿದ್ದಳು ಎಂಬುದಷ್ಟೇ ಉಳಿದಿದೆ.

ದೊಡ್ಡವ್ವ ಒಂದೊಂದೇ ಎಳೆ ಹೊರತೆಗೆಯುತ್ತಾರೆ. ತಿಂಗಳ ಮೊದಲ ತಾರೀಕಿಗೆ ಪಗಾರ ಬರುತ್ತಿತ್ತು, ಒಂದು ತಿಂಗಳೂ ತಪ್ಪಲಿಲ್ಲ. ಮಳೆ ಬರಲಿ, ಕರ್ಫ್ಯೂ ಹಾಕಲಿ, ದೊಡ್ಡಪ್ಪ ಜ್ವರದಲ್ಲಿ ಮಲಗಿರಲಿ. ಮಕ್ಕಳಿಗೆ ಕಾಯಿಲೆಯಾದರೆ ಸನತ್‌ನಗರದ ಇಎಸ್‌ಐ ಆಸ್ಪತ್ರೆ ಇತ್ತು, ದುಡ್ಡಿಗಾಗಿ ಯಾರ ಮನೆಯ ಬಾಗಿಲಿಗೂ ಹೋಗಲಿಲ್ಲ. ವರ್ಷಕ್ಕೊಮ್ಮೆ ಸುಗ್ಗಿಯಾದ ಮೇಲೆ ಊರಿನಿಂದ ಬಸ್ಸಿನ ಮೇಲೆ ಜೋಳದ ಚೀಲ, ತೊಗರಿ, ಹೆಸರು, ಒಂದು ಡಬ್ಬಿ ತುಪ್ಪ ಬರುತ್ತಿತ್ತು. ಕಂಡಕ್ಟರು ಕೂಕಟ್‌ಪಲ್ಲಿ ಸ್ಟಾಪಿನಲ್ಲಿ ಇಳಿಸಿ ಹೋಗುತ್ತಿದ್ದ. ಅಕ್ಕನ ಲೆಕ್ಕದಲ್ಲಿ ಅದು "ಊರಿನ ಜೋಳ", ಅಷ್ಟೇ. ಅದು ಹೊಲದಿಂದ ಬಂತು, ಹೊಲ ದೊಡ್ಡಪ್ಪನ ಅಪ್ಪನ ಹೆಸರಿನಲ್ಲಿತ್ತು, ಅದನ್ನು ಉತ್ತು ಕೊಯ್ದವರು ಹೊಲವಿಲ್ಲದ ಬೇರೆ ಯಾರೋ ಎಂಬುದು ಚೀಲದ ಮೇಲೆ ಬರೆದಿರುತ್ತಿರಲಿಲ್ಲ. ತಿಂಗಳ ಕೊನೆಯ ವಾರದ ಆ ಬ್ಯಾಳಿ ಸಾರಿನ ಬ್ಯಾಳಿ ಎಲ್ಲಿಂದ ಬರುತ್ತಿತ್ತು ಎಂದು ಮಕ್ಕಳು ಯಾಕೆ ಕೇಳಿಯಾರು? ಡಬ್ಬಿಯಲ್ಲಿ ಯಾವಾಗಲೂ ಇರುತ್ತಿತ್ತು.

ಮನೆಯ ಕಥೆಯೂ ಹಾಗೆಯೇ. ಅದು ಕಂತಿನ ಮನೆ. ಮೊದಲಿಗೆ ಒಂದಿಷ್ಟು ಠೇವಣಿ, ಆಮೇಲೆ ವರ್ಷಗಟ್ಟಲೆ ತಿಂಗಳ ಕಂತು. ಠೇವಣಿಗೆ ದೊಡ್ಡವ್ವ ತವರಿನ ಪಾಟ್ಲಿ ಮಾರಿದರು. ಅರ್ಜಿಯ ಜೊತೆ ಕಾರ್ಖಾನೆಯ ಪಗಾರದ ಚೀಟಿ ಲಗತ್ತಿಸಿದರು. ಇದನ್ನು ಕೇಳಿದಾಗಲೆಲ್ಲ ನಾನು ಅಲ್ಲೇ ತಡೆದು ನಿಲ್ಲುತ್ತೇನೆ. ಕಡಿಮೆ ವರಮಾನದವರು ಎಂದು ಸರ್ಕಾರದ ಕೈಯಲ್ಲಿ ಬರೆಸಿಕೊಳ್ಳುವುದಕ್ಕೂ ವರಮಾನದ ಕಾಗದ ಬೇಕಿತ್ತು. ಮಾರಲು ಒಂದು ಪಾಟ್ಲಿ ಬೇಕಿತ್ತು. ಮನೆ ಮಂಜೂರಾದ ದಿನವೇ ಆ ಕುಟುಂಬ ನಾಡಿನ ಅರ್ಧಕ್ಕಿಂತ ಹೆಚ್ಚು ಜನರನ್ನು ದಾಟಿ ಮುಂದೆ ಹೋಗಿತ್ತು. ಆಮೇಲೆ ಏರಿದ ಜಾಗದ ಬೆಲೆ ಬರೀ ಮೇಲಿನ ಗೋಪುರ. 1998ರಲ್ಲಿ ಹೈಟೆಕ್ ಸಿಟಿಯಲ್ಲಿ ಸೈಬರ್ ಟವರ್ಸ್ ಎದ್ದು, ಅಲ್ಲಿ ಕೆಲಸಕ್ಕೆ ಹೋಗುವವರಿಗೆಲ್ಲ ಹತ್ತಿರದ ಮನೆ ಬೇಕಾಗಿ, 2017ರ ನವೆಂಬರಿನಲ್ಲಿ ಮೆಟ್ರೊ ಬಂದು, ಆ ಗೋಪುರ ಏರುತ್ತಲೇ ಹೋಯಿತು. ಬುನಾದಿ ಮಾತ್ರ ಆ ಒಂದು ಚೀಟಿಯೇ.

ಏಳು ಗಂಟೆಯಾಯಿತು. ಮುಖ್ಯರಸ್ತೆಯ ಕಡೆ ಹೋದರೆ ಅಡ್ಡಾ ಕಾಣಿಸುತ್ತದೆ. ಫ್ಲೈಓವರಿನ ನೆರಳಲ್ಲಿ, ಮುಚ್ಚಿದ ಅಂಗಡಿಗಳ ಮೆಟ್ಟಿಲ ಮೇಲೆ, ನೂರಾರು ಜನ. ಗಂಡಸರ ಕೈಯಲ್ಲಿ ಕರಣೆ, ಸಲಿಕೆ, ಬಣ್ಣದ ಬ್ರಷ್ಷು, ಅವೇ ಅವರ ಅಂಗಡಿಯ ಬೋರ್ಡು. ಹೆಂಗಸರ ಸೆರಗಿನ ಮೇಲೆ ಗಂಡಸರ ಹಳೆಯ ಅಂಗಿ, ಪಕ್ಕದಲ್ಲಿ ಬುತ್ತಿಯ ಚೀಲ. ಒಂದು ಸ್ಕೂಟರು ನಿಂತರೆ ಹತ್ತು ಜನ ಸುತ್ತುವರಿಯುತ್ತಾರೆ. ಎಷ್ಟು ಜನ, ಯಾವ ಕೆಲಸ, ಎಷ್ಟನೇ ಮಾಳಿಗೆ, ಹೊತ್ತು ಏರಬೇಕಾ, ಲಿಫ್ಟು ಅದೆಯಾ. ತೆಲುಗು ಕೇಳಿಸುತ್ತದೆ, ದಖನಿ ಕೇಳಿಸುತ್ತದೆ, ಒಡಿಯಾ, ಬಿಹಾರದ ಹಿಂದಿ. ಒಂದು ಮೂಲೆಯಲ್ಲಿ ನಮ್ಮ ಕನ್ನಡವೂ. ನಾರಾಯಣಖೇಡದ ಗಡಿ ಹಳ್ಳಿಯವರು, ಔರಾದಿನವರು, ಭಾಲ್ಕಿಯವರೂ ಇದ್ದಾರೆ. ದೊಡ್ಡಪ್ಪ ಬಂದ ಅದೇ ರಸ್ತೆಯ ಬಸ್ಸಿನಲ್ಲೇ ಅವರೂ ಬಂದರು, ಅದೇ ಸ್ಟಾಪಿನಲ್ಲೇ ಇಳಿದರು. ಊರಿನಲ್ಲಿ ಹೊಲ ಇದ್ದವನಿಗೆ ಶಾಲೆ, ಶಾಲೆಯಿಂದ ಕಾರ್ಖಾನೆ, ಕಾರ್ಖಾನೆಯಿಂದ ಮನೆ. ಹೊಲ ಇಲ್ಲದವನಿಗೆ ಅಡ್ಡಾ. ಒಂಬತ್ತು ಗಂಟೆಯ ಮೇಲೆ ಸ್ಕೂಟರು ಬರುವುದು ನಿಲ್ಲುತ್ತದೆ. ಕೂಲಿ ಸಿಗದವರು ಬುತ್ತಿ ಬಿಚ್ಚದೆ ಮನೆಗೆ ಹೊರಡುತ್ತಾರೆ.

ಅಕ್ಕನ ಮಗಳಿಗೆ ಹನ್ನೆರಡು ವರ್ಷ. ಅಪಾರ್ಟ್‌ಮೆಂಟಿನ ಮೇಲಿನ ಮಹಡಿಗಳಲ್ಲಿ ಅವಳ ಮನೆ, ಕಿಟಕಿಯಿಂದ ಐಡಿಎಲ್ ಕೆರೆಯ ಹೊಳಪು ಕಾಣಿಸುತ್ತದೆ. ಲಿಫ್ಟಿನಲ್ಲಿ ಇಳಿದರೆ ಶಾಲೆಯ ಬಸ್ಸು ಗೇಟಿಗೇ ಬರುತ್ತದೆ, ಬಸ್ಸಿಗೆ ಏಸಿ, ಶಾಲೆಗೂ ಏಸಿ. ಮಧ್ಯಾಹ್ನ ಮನೆಗೆ ಬರುವಷ್ಟರಲ್ಲಿ ಅಡುಗೆಯಾಗಿರುತ್ತದೆ, ಬಟ್ಟೆ ಮಡಿಸಿಟ್ಟಿರುತ್ತದೆ, ಹಾಸಿಗೆ ಸರಿಯಾಗಿರುತ್ತದೆ. ಕರೆಂಟು ಹೋದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೆಳಗೆಲ್ಲೋ ಜನರೇಟರು ಗುಡುಗುತ್ತದೆ. ರಾತ್ರಿ ಎಂಟಕ್ಕೆ ಹಸಿವಾದರೆ ಮೊಬೈಲು ಒತ್ತಿದರೆ ಸಾಕು, ಬೆವರಿದ ಹುಡುಗನೊಬ್ಬ ಬಾಗಿಲಲ್ಲಿ ಚೀಲ ಇಟ್ಟು ಹೋಗುತ್ತಾನೆ. ಆದರೂ ಅವಳನ್ನು ಕೇಳಿ, ನಾವು ಮಿಡಲ್ ಕ್ಲಾಸು ಎನ್ನುತ್ತಾಳೆ. ಅವಳಿಗೆ ಕಾರಣವೂ ಗೊತ್ತು. ಅವಳ ಬೆಂಚಿನಲ್ಲಿ ಕೂಡುವವಳು ಬೇಸಿಗೆಗೆ ಸಿಂಗಪುರಕ್ಕೆ ಹೋಗಿದ್ದಳು, ಇವಳು ಊಟಿಗೆ. ಇನ್ನೊಬ್ಬಳ ಮನೆಯಲ್ಲಿ ಮೂರು ಕಾರು, ಇವರಲ್ಲಿ ಒಂದು. ಮಗು ತನ್ನ ಕಣ್ಣಳತೆಯಲ್ಲಿ ಸಿಗುವವರ ಜೊತೆಗೇ ತನ್ನನ್ನು ತೂಗಿ ನೋಡಿಕೊಳ್ಳುತ್ತದೆ, ದೊಡ್ಡವರೂ ಮಾಡುವುದು ಅದನ್ನೇ. ಅವಳ ಕಣ್ಣಳತೆಗೆ ಗೇಟು, ಗೋಡೆ, ಏಸಿ ಬಸ್ಸಿನ ಕಪ್ಪು ಗಾಜು ಮಾತ್ರ ಸಿಗುವಂತೆ ನಾವೇ ಕಟ್ಟಿಕೊಟ್ಟಿದ್ದೇವೆ.

ಒಂದು ರವಿವಾರ ದೊಡ್ಡವ್ವನ ಮನೆಯ ಮಾಳಿಗೆಯ ಮೇಲೆ ಅವಳು ನನ್ನನ್ನು ಹಿಡಿದು ಕೂರಿಸಿದಳು. "ಮಾಮಾ, ನಾವು ರಿಚ್ಚಾ?" ಮುಚ್ಚುಮರೆಯಿಲ್ಲದ ಪ್ರಶ್ನೆ. ಇಂಥದ್ದಕ್ಕೆ ಹಿರಿಯರು "ನಮಗೇನು ಕಡಿಮೆ, ದೇವರು ಕೊಟ್ಟದ್ದಿದೆ" ಎಂದು ಹೇಳಿ ಜಾರಿಕೊಳ್ಳುವುದು ವಾಡಿಕೆ. ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ. ನಮ್ಮ ದೇಶದಲ್ಲಿ ನೂರು ಮನೆ ಹೊಕ್ಕು ನೋಡಿದರೆ ಕಾರು ಇರುವುದು ಸುಮಾರು ಎಂಟು ಮನೆಗಳಲ್ಲಿ. ಫ್ರಿಜ್ಜು ಮೂವತ್ತೆಂಟು ಮನೆಗಳಲ್ಲಿ. ಏಸಿಯನ್ನೂ ಕೂಲರನ್ನೂ ಕೂಡಿಸಿ ಎಣಿಸಿದರೂ ಇಪ್ಪತ್ತನಾಲ್ಕು. 2019ರಿಂದ 2021ರವರೆಗೆ ಸರ್ಕಾರ ಮನೆ ಮನೆಗೆ ಹೋಗಿ ನಡೆಸಿದ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. ಅವಳು ಬೆರಳು ಮಡಿಸತೊಡಗಿದಳು, ತನ್ನ ಮನೆಯ ಮೂರು ಕೋಣೆಗಳಿಗೂ ಇರುವ ಏಸಿಗಳನ್ನು. ಇನ್ನೊಂದು ಹೇಳಿದೆ. ತಿಂಗಳಿಗೆ 25,000 ರೂಪಾಯಿ ಗಳಿಸುವವರು ದೇಶದ ದುಡಿಯುವವರಲ್ಲಿ ಮೇಲಿನ ನೂರಕ್ಕೆ ಹತ್ತರಲ್ಲಿ ಬರುತ್ತಾರೆಂದು 2022ರಲ್ಲಿ ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿಗಾಗಿ ಮಾಡಿದ ವರದಿಯಲ್ಲಿದೆ. "ಅದು ನಮ್ಮ ಸ್ಕೂಲ್ ಫೀಸಿಗೂ ಸಾಲಲ್ಲ," ಅಂದಳು ಅವಳು ತಟಕ್ಕನೆ. ಹೇಳಿದ ಮೇಲೆ ತಾನೇ ತನ್ನ ಮಾತನ್ನು ಕೇಳಿಸಿಕೊಂಡವಳಂತೆ ನನ್ನ ಮುಖ ನೋಡಿದಳು.

ಪಟ್ಟಣಗಳಲ್ಲಿ ತೀರ ಮೇಲಿನ ನೂರಕ್ಕೆ ಐದು ಜನ ತಲೆಗೆ ತಿಂಗಳಿಗೆ ಖರ್ಚು ಮಾಡುವುದು ಸರಾಸರಿ 20 ಸಾವಿರ ರೂಪಾಯಿಯ ಆಸುಪಾಸು, 2023-24ರ ಮನೆಖರ್ಚಿನ ಸಮೀಕ್ಷೆಯ ಪ್ರಕಾರ. ಪಟ್ಟಣಿಗರೆಲ್ಲರ ಸರಾಸರಿ 7 ಸಾವಿರ, ಹಳ್ಳಿಗಳದು 4 ಸಾವಿರಕ್ಕೆ ಸ್ವಲ್ಪ ಮೇಲೆ. ಕೂಕಟ್‌ಪಲ್ಲಿಯ ಒಂದು ಸಾಧಾರಣ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನಾಲ್ಕು ಜನರ ಸಂಸಾರ ತಿಂಗಳಿಗೆ 80 ಸಾವಿರ ಖರ್ಚು ಮಾಡುತ್ತ, ಸಾಲದು ಸಾಲದು ಎನ್ನುತ್ತ, ಆ ಐವರ ಪಂಕ್ತಿಯಲ್ಲಿ ಉಣ್ಣುತ್ತಿರುತ್ತದೆ. ಅವರ ಆತಂಕ ಸುಳ್ಳಲ್ಲ. ಸಾಲದ ಕಂತು ನಿಜ, ಕೆಲಸ ಹೋದೀತೆಂಬ ಭಯ ನಿಜ. ಆದರೆ ಆ ಭಯವನ್ನು ಹಿಡಿದುಕೊಂಡು ತಾವು ನಾಡಿನ ನಡುಮಧ್ಯದಲ್ಲಿ ನಿಂತಿದ್ದೇವೆ ಎಂದು ಮಕ್ಕಳಿಗೆ ಕಲಿಸಿದರೆ, ಆ ಮಕ್ಕಳು ನಾಳೆ ನೀರಿನ ಬೆಲೆ, ಕೂಲಿಯ ದರ, ಸರ್ಕಾರಿ ಆಸ್ಪತ್ರೆ ಇವುಗಳ ಬಗ್ಗೆ ತೀರ್ಮಾನ ಮಾಡುವ ಕುರ್ಚಿಯಲ್ಲಿ ಕೂತಾಗ ಯಾರ ಬದುಕನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ? ನನ್ನ ಚಿಂತೆ ಅಷ್ಟೇ.

ಆ ರವಿವಾರ ಸಂಜೆ ಅಕ್ಕನ ಮಗಳನ್ನು ಕರೆದುಕೊಂಡು ರೊಟ್ಟಿ ತರಲು ಹೊರಟೆ. ಆ ಹೊತ್ತಿಗೆ ಕಾಲೊನಿಯ ರಸ್ತೆಗಳನ್ನು ನೋಡಬೇಕು. ಹಾಸ್ಟೆಲುಗಳೆಲ್ಲ ಬಾಯಿ ತೆರೆದು ಸಾವಿರಾರು ಹುಡುಗ ಹುಡುಗಿಯರನ್ನು ಬೀದಿಗೆ ಬಿಟ್ಟಿರುತ್ತವೆ. ಕರಿ ಪಾಯಿಂಟುಗಳ ಮುಂದೆ ದೊಂಡಕಾಯಿ ಪಲ್ಯ, ಗೋಂಗೂರ ಪಪ್ಪು, ಚಿಕನ್ನು ಸಾಲಾಗಿ ಸ್ಟೀಲಿನ ತಟ್ಟೆಗಳಲ್ಲಿ. ಮಿರ್ಚಿ ಬಜ್ಜಿಯ ಎಣ್ಣೆ ಚುರ್ರೆನ್ನುತ್ತದೆ. ರೈತು ಬಜಾರಿನ ಕಡೆಯಿಂದ ಚೀಲ ತುಂಬ ಸೊಪ್ಪು ಹೊತ್ತು ಬರುವವರು, ಸಂದಿ ಸಿಕ್ಕಲ್ಲಿ ನುಗ್ಗುವ ಆಟೊಗಳು. ಈ ಗದ್ದಲದ ನಡುವೆ ಅಲ್ಲಲ್ಲಿ ಕಟ್ಟಿಗೆಯ ಹೊಗೆ. ಅದೇ ಜೋಳದ ರೊಟ್ಟಿಯ ಗುರುತು, ಇಲ್ಲಿಯವರಿಗೆ ಜೊನ್ನ ರೊಟ್ಟೆ. ಪಾದಚಾರಿ ಹಾದಿಯ ಮೇಲೆ ಮೂರು ಕಲ್ಲಿನ ಒಲೆ, ಕರಿ ಹಂಚು, ಮುಂದೆ ಮರದ ಹಲಗೆ. ಬಿಸಿನೀರಿನಲ್ಲಿ ನಾದಿದ ಹಿಟ್ಟಿನ ಉಂಡೆ ಎರಡೂ ಅಂಗೈಗಳ ನಡುವೆ ತಿರುಗುತ್ತ ಹಲಗೆಯ ಮೇಲೆ ಬೀಳುತ್ತದೆ, ಪಟ ಪಟ ಪಟ, ತಟ್ಟಿದಷ್ಟೂ ಅಗಲವಾಗುತ್ತದೆ. ಹಂಚಿನ ಮೇಲೆ ಬಿದ್ದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ, ಹೊಗೆಯೂ ಹಬೆಯೂ ಬೆರೆತು ಏಳುತ್ತದೆ, ತಿರುವಿ ಹಾಕಿ ಕೆಂಡಕ್ಕೆ ಒರಗಿಸಿದರೆ ರೊಟ್ಟಿ ಉಸಿರು ತುಂಬಿಕೊಳ್ಳುತ್ತದೆ. ಸುಟ್ಟ ಜೋಳದ ಆ ವಾಸನೆಗೆ ಸಾಫ್ಟ್‌ವೇರಿನ ಹುಡುಗರೂ, ಸಕ್ಕರೆ ಕಾಯಿಲೆಯ ಹಿರಿಯರೂ ಸರತಿ ನಿಲ್ಲುತ್ತಾರೆ.

ದೊಡ್ಡವ್ವನ ಓಣಿಯ ತುದಿಯಲ್ಲಿ ಕೂಡುವಾಕೆ ಭಾಲ್ಕಿಯ ಕಡೆಯವಳು. ಗಂಡ ಅಡ್ಡಾದಲ್ಲಿ ಗೌಂಡಿ ಕೆಲಸಕ್ಕೆ ನಿಲ್ಲುತ್ತಾನೆ. ಅವಳ ಮಗಳು, ಹೆಚ್ಚುಕಡಿಮೆ ನಮ್ಮ ಹುಡುಗಿಯದೇ ವಯಸ್ಸು, ಪಕ್ಕದ ಕರಿ ಪಾಯಿಂಟಿನ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹೋಮ್‌ವರ್ಕು ಬರೆಯುತ್ತ, ನಡುನಡುವೆ ಎದ್ದು ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಟು ಚಿಲ್ಲರೆ ಎಣಿಸುತ್ತಿದ್ದಳು. ನಮ್ಮ ಹುಡುಗಿ ನಿಂತು ನೋಡಿದಳು. ಅವಳಿಗೆ ಮನೆಯ ಕನ್ನಡ ಬರುತ್ತದೆ, ಹೊರಗೆ ಆಡುವ ರೂಢಿ ಕಡಿಮೆ.

"ಅಕ್ಕಾ, ನೀರು ಎಲ್ಲಿಂದ ತರ್ತೀರಿ?"

"ನಿಮ್ಮ ಅಮ್ಮಮ್ಮನ ಮನಿ ನಳದ್ದೇ ನೋಡವ್ವ. ಆಕಿ ಕೊಡ ಹಿಡೀಲಿಕ್ಕ ಬಿಡ್ತಾಳ. ನಮ್ಮ ರೂಮಿನ್ಯಾಗ ನೀರು ಬಿಡಾದು ಒಂದ ತಾಸು, ಹನ್ನೆರಡು ಮನಿಗಿ ಒಂದ ನಳ."

"ಊರಾಗ ಹೊಲ ಇಲ್ಲಾ?"

"ಮಂದಿ ಹೊಲ ಅವ," ಎಂದು ಅವಳು ನಕ್ಕು, ಇನ್ನೊಂದು ಉಂಡೆ ಎತ್ತಿಕೊಂಡಳು. ಹೊರಡುವಾಗ ಆ ಹುಡುಗಿ ತನ್ನ ಗಣಿತದ ಪುಸ್ತಕ ತೋರಿಸಿ ಇವಳನ್ನು ಏನೋ ಕೇಳಿದಳು. ಇಬ್ಬರೂ ಬಗ್ಗಿ ಭಿನ್ನರಾಶಿಯ ಲೆಕ್ಕ ಮಾಡಿದರು. ಉತ್ತರ ಮೊದಲು ಬಂದದ್ದು ರೊಟ್ಟಿಯವಳ ಮಗಳಿಗೆ.

ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಊಟ ಮುಗಿದರೂ ಹುಡುಗಿ ಏಳಲಿಲ್ಲ. ಮನೆಯ ಕಾಗದ ತೋರಿಸು ಅಮ್ಮಮ್ಮ ಎಂದು ಹಟ ಹಿಡಿದಳು. ದೊಡ್ಡವ್ವ ಗೊಣಗುತ್ತ ಕಬ್ಬಿಣದ ಕಪಾಟಿನಿಂದ ಕಟ್ಟಿದ ಫೈಲು ತೆಗೆದರು. ನುಸಿಗುಳಿಗೆಯ ವಾಸನೆ. ಮಂಜೂರಿ ಪತ್ರ, ಅದರ ಹಿಂದೆ ದಾರದಲ್ಲಿ ಪೋಣಿಸಿದ ಕಂತಿನ ರಸೀದಿಗಳು, ಬೋರ್ಡಿನ ನೀಲಿ ಮೊಹರು ಮಾಸಿದ್ದು. ಹುಡುಗಿ ಒಂದೊಂದೇ ಓದಿ ಕೂಡಿಸುತ್ತ ಹೋದಳು. ಅಷ್ಟರಲ್ಲಿ ಅಕ್ಕ ಮೊಬೈಲಿನಿಂದ ತಲೆಯೆತ್ತಿ, ಮನೆ ಹಂಚಿದ ಬೋರ್ಡಿನ ವಾರಸುದಾರ ತೆಲಂಗಾಣ ಹೌಸಿಂಗ್ ಬೋರ್ಡು 2025ರಲ್ಲಿ ಇದೇ ಕಾಲೊನಿಯ ನಾಲ್ಕನೇ ಫೇಸಿನಲ್ಲಿ ಉಳಿದ ಏಳೂವರೆ ಎಕರೆಗಿಂತ ಸ್ವಲ್ಪ ಹೆಚ್ಚು ಜಾಗವನ್ನು ಹರಾಜು ಹಾಕಿದ್ದನ್ನು ಹೇಳಿದಳು. ಎಕರೆಗೆ 70 ಕೋಟಿ ರೂಪಾಯಿ. ಕೊಂಡದ್ದು ಗೋದ್ರೆಜ್ ಕಂಪನಿ, ಒಟ್ಟು 547 ಕೋಟಿಗೆ.

"ಗಜಕ್ಕ ಎಷ್ಟಾತು?" ಎಂದರು ದೊಡ್ಡವ್ವ. ಇಲ್ಲಿಯವರಿಗೆ ನೆಲ ಅರ್ಥವಾಗುವುದೇ ಗಜದ ಲೆಕ್ಕದಲ್ಲಿ.

ಎಕರೆಗೆ 4,840 ಗಜ. ಹುಡುಗಿ ರಸೀದಿಯ ಹಿಂದೆ ಬರೆಯಹೋದಾಗ ಅಜ್ಜಿ ಕೈಮೇಲೆ ಹೊಡೆದು ಬೇರೆ ಕಾಗದ ಕೊಟ್ಟರು. 1 ಲಕ್ಷ 44 ಸಾವಿರ ಚಿಲ್ಲರೆ ಬಂತು. ಪಕ್ಕದಲ್ಲೇ ಅವಳು ಬರೆದಿಟ್ಟ ಕಂತುಗಳ ಮೊತ್ತ. ಒಂದು ಗಜದ ಬೆಲೆಗಿಂತ ಕಡಿಮೆಯಲ್ಲಿ ಇಡೀ ಮನೆಯ ಸಾಲ ತೀರಿತ್ತು.

"ಹಂಗಂದ್ರ ಈಗ ಯಾರಾದ್ರೂ ಅರ್ಜಿ ಹಾಕಿದ್ರ ಕಂತಿನ ಮ್ಯಾಲ ಮನಿ ಕೊಡ್ತಾರಾ?"

"ಈ ನೆಲದ ಮ್ಯಾಲ ಎಲ್ಲಿಂದ ಕೊಡ್ತಾರವ್ವ, ಹರಾಜಾದ ಮ್ಯಾಲ?"

"ಆವಾಗ ರೊಟ್ಟಿ ಅಕ್ಕನ ಅಪ್ಪ ಅವ್ವ ಯಾಕ ಹಾಕ್ಲಿಲ್ಲ?"

ದೊಡ್ಡವ್ವ ಫೈಲಿನ ತಳದಿಂದ ಒಂದು ಸಣ್ಣ ಚೀಟಿ ಎಳೆದು ಅವಳ ಮುಂದಿಟ್ಟರು. ಕಾರ್ಖಾನೆಯ ಪಗಾರದ ಚೀಟಿ, ಟೈಪು ಮಾಡಿದ್ದು, ಕೆಳಗೆ ಅಧಿಕಾರಿಯ ಸಹಿ. "ಇದು ಇರಲಿಲ್ಲ ಅವರ ಹತ್ರ," ಎಂದರು. ಹುಡುಗಿ ಅದನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದಳು.